ಭೀಮಬಾಯಿಯ ಎರಡು ಬ್ರೇಕು

ಆಡಿದ ಮಾತನ್ನು ನುಂಗುವ ಅಭ್ಯಾಸ ಭೀಮಬಾಯಿಗೆ ಇರಲಿಲ್ಲ. ಅದರಿಂದ ಅವಳಿಗೆ ಒಳ್ಳೆಯದಾದದ್ದೂ ಉಂಟು, ತಲೆ ಕೆಟ್ಟದ್ದೂ ಉಂಟು. ಈ ಸಲ ಕಮಲಾಪುರದ ಬಸ್ ನಿಲ್ದಾಣದೆದುರಿನ ಚಹಾದಂಗಡಿಯಲ್ಲಿ, ನಾಲ್ಕು ಜನರ ಮುಂದೆ, ಪಕ್ಕದ ಹೊಲದ ದೇವಿಂದ್ರಪ್ಪನಿಗೆ ಹೇಳಿಬಿಟ್ಟಿದ್ದಳು:

“ಈ ಸಲದ ಗೊನಿ ನನ್ನ ಗಾಡ್ಯಾಗ ಏರು ಹತ್ತಿ ಬಂದ್ರ ತೋಟ ನಾನೇ ಮಾಡ್ತೇನಿ. ಬರಲಿಲ್ಲಂದ್ರ ನಿಮಗ ಲಾವಣಿಗಿ ಕೊಡ್ತೇನಿ. ಆಮ್ಯಾಲ ಅದು ನಿಮ್ಮ ಬೆಳಿ, ನಿಮ್ಮ ಹಣೇಬರ.”

ದೇವಿಂದ್ರಪ್ಪ ಚಹಾ ಪೂರ್ತಿ ಕುಡಿದು, “ಆತು ತಂಗಿ,” ಎಂದ. ಅದನ್ನು ಗುತ್ತಿಗೆಗೆ ಹಿಡಿಯಬೇಕೆಂದು ಅವನು ಆ ತೋಟದ ಮೇಲೆ ಕಣ್ಣಿಟ್ಟು ವರ್ಷಗಳೇ ಆಗಿದ್ದವು. ಕೆಟ್ಟ ಮನುಷ್ಯನಲ್ಲ, ಒಳ್ಳೆಯ ಬಾಳೆ ಕಂಡರೆ ಅವನಿಗೆ ತಡೆಯಲಾಗುತ್ತಿರಲಿಲ್ಲ, ಅಷ್ಟೇ.

ತೋಟ ಇದ್ದದ್ದು ಇಳಿಜಾರಿನ ಕೆಳಗೆ, ಬಾವಿಯ ಪಕ್ಕ. ಅಲ್ಲಿ ಬರೀ ಕಲ್ಲಿದ್ದ ಕಾಲಕ್ಕೆ ಕಲ್ಲು ಆರಿಸಿ, ಕೆಂಪು ಬಾಳೆಯ ಕಂದು ಹೊತ್ತು ತಂದು ನೆಟ್ಟವಳು ಭೀಮಬಾಯಿ. ಗಂಡ ದತ್ತಪ್ಪ ದಿನಾ ಕಲಬುರಗಿಗೆ ನೌಕರಿಗೆ ಹೋಗುತ್ತಿದ್ದ; ಗೊನೆಗಳನ್ನು ತಲೆಯ ಮೇಲೆ ಹೊತ್ತು ಏರು ಹತ್ತುತ್ತಿದ್ದವಳೂ ಅವಳೇ. ಹೊತ್ತೂ ಹೊತ್ತೂ ಕುತ್ತಿಗೆಯ ಎಲುಬು ಸವೆಯಿತು. ಇನ್ನು ತಲೆಯ ಮೇಲೆ ಒಂದು ಕೊಡ ನೀರೂ ಬೇಡ ಎಂದು ದವಾಖಾನೆಯಲ್ಲಿ ಹೇಳಿಬಿಟ್ಟರು. ಕೂಲಿಯವರು ಹೊತ್ತರೆ ಧೊಪ್ಪನೆ ಎತ್ತಿಹಾಕುತ್ತಿದ್ದರು. ಕೆಂಪು ಬಾಳೆಯ ಸಿಪ್ಪೆ ಒಮ್ಮೆ ಪೆಟ್ಟು ತಿಂದು ಕಪ್ಪಾದರೆ ಕಲಬುರಗಿಯ ರೋಜಾ ಬಡಾವಣೆಯ ಹಣ್ಣಿನಂಗಡಿಯವರು ಮುಟ್ಟಿಯೂ ನೋಡುವುದಿಲ್ಲ.

ಆಗ ದತ್ತಪ್ಪ ಹೈದರಾಬಾದಿನ ಕಡೆ ಮುಚ್ಚಿಹೋದ ಯಾವುದೋ ಕ್ಲಬ್ಬಿನ ಹರಾಜಿನಿಂದ ಒಂದು ಗಾಲ್ಫ್ ಗಾಡಿ ತಂದ. ಪೆಟ್ರೋಲ್ ಎಂಜಿನ್ನು, ಪುಟ್ಟ ಗಾಲಿಗಳು, ಮೇಲೊಂದು ಬಿಳಿ ಛತ್ತು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಹೇಬರು ಚೆಂಡಿನ ಹಿಂದೆ ತಿರುಗಲು ಮಾಡಿದ್ದ ಗಾಡಿಯಲ್ಲಿ ಬಾಳೆಗೊನೆಯೇ? ಭೀಮಬಾಯಿ ಮಾತ್ರ ನಗಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ, ಆ ವಾರವೇ ಓಡಿಸುವುದನ್ನು ಕಲಿತಳು.

ಗಾಡಿ ಎಲ್ಲ ಕಡೆ ಓಡಿತು, ಬಾವಿಯ ಮೂಲೆಯೊಂದನ್ನು ಬಿಟ್ಟು. ತೋಟದಿಂದ ಮೇಲೆ ಬರುವ ದಾರಿ ಅಲ್ಲಿ ಏರುತ್ತಾ ಏರುತ್ತಾ ಎಡಕ್ಕೆ ವಾಲುತ್ತದೆ, ಕಾಲುವೆಯ ನೀರು ಜಿನುಗಿ ಕೆಮ್ಮಣ್ಣು ಸದಾ ಹಸಿ. ಅಲ್ಲಿಗೆ ಬಂದದ್ದೇ ಹಿಂದಿನ ಬಲಗಾಲಿ ಗಿರಗಿರ ತಿರುಗುತ್ತಿತ್ತು, ಎಡಗಾಲಿ ಕದಲದೆ ನಿಲ್ಲುತ್ತಿತ್ತು.

ಕಲಬುರಗಿಯ ಶಹಾಬಜಾರದಿಂದ ಜಹೀರುದ್ದೀನ್ ಮಿಸ್ತ್ರಿ ಬಂದ. ಆಟೋ ರಿಪೇರಿಯಲ್ಲಿ ಅವನದು ದೊಡ್ಡ ಹೆಸರು, ಮಾತು ಅದಕ್ಕಿಂತ ದೊಡ್ಡದು. ಗಾಡಿಯ ಕೆಳಗೆ ನುಸುಳಿ, ಹೊರಗೆ ಬಂದು ಕೈ ಒರೆಸಿಕೊಂಡ.

“ನೋಡ್ರಿ ಬಾಯಿ, ಎರಡು ಗಾಲಿ ನಡುವ ಹಲ್ಲಿನ ಡಬ್ಬಿ ಐತಿ, ಡಿಫರೆನ್ಶಿಯಲ್ ಅಂತಾರ. ಯಾವ ಗಾಲಿಗಿ ತಿರುಗೋದು ಹಗುರ, ಎಂಜಿನ್ನಿನ ತಾಕತ್ತೆಲ್ಲಾ ಅದಕ್ಕೇ ಕೊಡತದ. ಮೈಗಳ್ಳಗ ಊಟಕ್ಕ ನೀಡತದ, ದುಡಿಯೋವನ್ನ ಉಪವಾಸ ಕೆಡವತದ.”

“ಅಂಥಾ ಮನಿ ನಾನೂ ಕಂಡೀನಿ,” ಎಂದಳು ಭೀಮಬಾಯಿ. “ಇಲಾಜು ಏನು?”

“ಫಿಕರ್ ಮಾಡಬ್ಯಾಡ್ರಿ. ನಾ ಅದೀನಲ್ಲ.”

ಒರಟು ಹಲ್ಲಿನ ಟೈರು ಹಾಕಿದ, ಗಾಳಿ ಸ್ವಲ್ಪ ಇಳಿಸಿದ. ಆಮೇಲೆ ಅವಳು ಗೊನೆ ಇಟ್ಟದ್ದನ್ನು ನೋಡಿ ಹಣೆ ಹೊಡೆದುಕೊಂಡ. ಕಮಲಾಪುರದವರು ಕೆಂಪು ಬಾಳೆಯನ್ನು ಬಾಣಂತಿಯಂತೆ ನೋಡಿಕೊಳ್ಳುತ್ತಾರೆ. ಭೀಮಬಾಯಿ ಹಿಂಬದಿ ಕುಲುಕುತ್ತದೆಂದು ಗೊನೆಗಳನ್ನೆಲ್ಲ ಮುಂದಿನ ಸೀಟಿನ ಮೇಲೆ, ಕೌದಿ ಹಾಸಿ ಮಲಗಿಸಿದ್ದಳು. ಎಳೆಯುವ ಗಾಲಿಗಳ ಮೇಲೆ ಭಾರವೇ ಇರಲಿಲ್ಲ. ಅವಳು ತನ್ನ ತಪ್ಪನ್ನು ತಕ್ಷಣ ಒಪ್ಪಿದಳು. ಹಿಂದೆ ಹೊರಸು ಮಂಚದ ನುಲಿಹಗ್ಗದಿಂದ ಜೋಲಿ ಹೆಣೆದು ಗೊನೆಗಳನ್ನು ಅದರಲ್ಲಿ ತೂಗುಹಾಕಿದಳು. ಹಣ್ಣಿಗೆ ಪೆಟ್ಟಿಲ್ಲ, ಗಾಲಿಗೆ ಭಾರ ಉಂಟು.

ಗಾಡಿ ಮೊದಲಿಗಿಂತ ಎರಡು ಮಾರು ಮುಂದೆ ಹೋಯಿತು. ಆದರೆ ವಾಲಿದ ಜಾಗದಲ್ಲಿ ಭಾರವೆಲ್ಲ ಎಡಕ್ಕೆ ಜಾರಿ, ಬಲಗಾಲಿ ಮತ್ತೆ ಹಗುರಾಗಿ, ಮತ್ತೆ ಗಿರಗಿರ. ಅಂದು ಮೊದಲ ಬಾರಿಗೆ ಭೀಮಬಾಯಿಗೆ ಹೆದರಿಕೆಯಾಯಿತು. ತಾನು ನೆಟ್ಟ ಗಿಡದ ನೆರಳಿಗೆ ಇನ್ನೊಬ್ಬರನ್ನು ಕೇಳಿ ಹೋಗಬೇಕಾಗಬಹುದು. ಅವಳ ಹಳೆಯ ಸಿಂಬಿ, ಭಾರದ ಕೆಳಗೆ ತಲೆಯ ಮೇಲಿಡುವ ಆ ಬಟ್ಟೆಯ ಸುತ್ತು, ಇನ್ನೂ ಸೀಟಿನ ಕೆಳಗಿತ್ತು. ದವಾಖಾನೆಯ ಮಾತು ಹಾಳಾಗಲಿ, ಹೊತ್ತೇಬಿಡಲೇ ಎಂದುಕೊಂಡಳು.

ಅಷ್ಟರಲ್ಲಿ ದೇವಿಂದ್ರಪ್ಪನೇ ಟ್ರ್ಯಾಕ್ಟರ್ ತಂದ, ಎಳೆದುಕೊಡಲು. ಹಗ್ಗ ಕಟ್ಟುವ ಮೊದಲೇ, ಅದೇ ಮೂಲೆಯಲ್ಲಿ, ಅವನ ಟ್ರ್ಯಾಕ್ಟರಿನ ಬಲಗಾಲಿಯೂ ಗಿರಗಿರ ತಿರುಗಿತು. ದೇವಿಂದ್ರಪ್ಪ ಗಾಬರಿಯಾಗಲಿಲ್ಲ. ಕಾಲಿನಿಂದ ಏನನ್ನೋ ಒತ್ತಿದ. ಬಲಗಾಲಿ ನಿಧಾನವಾಯಿತು, ಎಡಗಾಲಿ ಮಣ್ಣು ಕಚ್ಚಿತು, ಟ್ರ್ಯಾಕ್ಟರ್ ಮೇಲೆ ಬಂತು.

“ಏನ್ ಒತ್ತಿದ್ರಿ ಅಣ್ಣಾ?”

“ಬ್ರೇಕ್. ಇದಕ್ಕ ಎಡಕ್ಕೊಂದು, ಬಲಕ್ಕೊಂದು ಬ್ಯಾರೆ ಬ್ಯಾರೆ ಇರತಾವ. ತಿರುಗೋ ಗಾಲೀದು ಹಿಡದ್ರ ನಿಂತ ಗಾಲಿ ಎಳೀತದ.” ದೇವಿಂದ್ರಪ್ಪನಿಗೆ ಟ್ರ್ಯಾಕ್ಟರಿನ ಹೆಚ್ಚುಗಾರಿಕೆ ಹೇಳುವುದೆಂದರೆ ಹಬ್ಬ. ಅವಳು ಕೇಳದ್ದನ್ನೂ ಹೇಳಿದ.

ಭೀಮಬಾಯಿ ಜಹೀರುದ್ದೀನನ ಕಡೆ ತಿರುಗಿದಳು. “ಮಿಸ್ತ್ರಿ, ಉಣ್ಣಾಕತ್ತ ಮೈಗಳ್ಳನ ಕೈ ಹಿಡದ್ರ ಊಟದ ಗಂಗಾಳ ದುಡಿಯೋವನ ಮುಂದ ಬರತದಲ್ಲ?”

ಮಿಸ್ತ್ರಿ ಮತ್ತೆ ಗಾಡಿಯ ಕೆಳಗೆ ನುಸುಳಿ ನೋಡಿ ಬಂದ. “ಬರತದ ಬಾಯಿ. ಖರೇನೇ ಬರತದ.”

ಗಾಡಿಯ ಬ್ರೇಕ್ ಪೆಡಲಿನಿಂದ ಹಿಂದಿನ ಒಂದೊಂದು ಗಾಲಿಗೂ ಒಂದೊಂದು ಬ್ರೇಕ್ ತಂತಿ ಮೊದಲೇ ಇತ್ತು. ಪೆಡಲನ್ನು ಹಾಗೇ ಬಿಟ್ಟು, ಒಂದೊಂದು ತಂತಿಗೂ ಹಳೆಯ ಆಟೋದ ಕೈಬ್ರೇಕಿನ ಹಿಡಿ ಜೋಡಿಸಿ, ಎರಡನ್ನೂ ಸೀಟಿನ ಬದಿಗೆ ಕೂರಿಸಿದ. ಪೂರ್ತಿ ಎಳೆದರೆ ಗಾಡಿಯೇ ನಿಲ್ಲುತ್ತಿತ್ತು, ಹದವಾಗಿ ಎಳೆಯಬೇಕು. ರೊಟ್ಟಿ ತಟ್ಟಿದ ಕೈಗೆ ಹದ ಹೇಳಿಕೊಡಬೇಕಾಗಿರಲಿಲ್ಲ.

ಕೊಯ್ಲಿನ ದಿನ ಏರಿನ ಮೇಲೆ ಚಹಾದಂಗಡಿಯ ನಾಲ್ವರೂ, ಟ್ರ್ಯಾಕ್ಟರ್ ತಂದಿದ್ದ ದೇವಿಂದ್ರಪ್ಪನೂ ನಿಂತಿದ್ದರು, ದತ್ತಪ್ಪ ರಜೆ ಹಾಕಿ ಬಂದಿದ್ದ. ಬಾವಿಯ ಮೂಲೆಯಲ್ಲಿ ಬಲಗಾಲಿ ತನ್ನ ಹಳೆಯ ಚಾಳಿ ತೋರಿಸಿತು. ಭೀಮಬಾಯಿ ಬಲಗಡೆಯ ಹಿಡಿಯನ್ನು ಮೆಲ್ಲಗೆ ಎಳೆದಳು. ಎಂಜಿನ್ನು ನರಳಿತು. ಎಡಗಾಲಿ ಒಮ್ಮೆ ನಡುಗಿ, ಮಣ್ಣು ಹಿಡಿದು, ಗಾಡಿಯನ್ನು ಮುಂದಕ್ಕೆ ನೂಕಿತು. ಜೋಲಿಯ ಗೊನೆಗಳು ತೂಗುತ್ತಾ ಏರು ಹತ್ತಿ ಬಂದವು.

ಮೇಲೆ ಗಾಡಿ ನಿಲ್ಲಿಸಿ ಇಳಿದವಳ ಎರಡೂ ಕೈ ತಾವಾಗಿಯೇ ತಲೆಯತ್ತ ಹೋದವು, ಭಾರ ಇಳಿಸಲು. ಅಲ್ಲಿ ಏನೂ ಇರಲಿಲ್ಲ. ಅವಳಿಗೆ ಅಳು ಬಂತು, ಬಂದದ್ದನ್ನು ಮುಚ್ಚಿಡಲೂ ಇಲ್ಲ.

“ನಾನೇ ಬ್ರೇಕ್ ತೋರಿಸಿ ನಾನೇ ತೋಟ ಕಳಕೊಂಡೆ ನೋಡು,” ಎಂದ ದೇವಿಂದ್ರಪ್ಪ.

“ಕಳಕೊಳ್ಳಾಕ ಅದು ನಿಮ್ಮದಿತ್ತೇನ್ರಿ?” ಎನ್ನುತ್ತಲೇ ಎಲ್ಲಕ್ಕಿಂತ ಚೆಂದದ ಗೊನೆಯನ್ನು ಅವನ ಟ್ರ್ಯಾಕ್ಟರಿನ ಮೇಲಿಟ್ಟಳು.

ಕಬ್ಬಿಣದ ಹಿಡಿ ಒತ್ತಿ ಅಂಗೈ ಕೆಂಪಾಗಿತ್ತು. ಸೀಟಿನ ಕೆಳಗಿನ ಸಿಂಬಿ ಹೊರಗೆ ತೆಗೆದು, ಬಿಚ್ಚಿ, ಬಲಗಡೆಯ ಹಿಡಿಗೆ ಬಿಗಿಯಾಗಿ ಸುತ್ತಿದಳು. ಇನ್ನೊಂದು ಗಾಡಿ ತುಂಬುವಷ್ಟು ಗೊನೆ ಕೆಳಗಿತ್ತು.