ಕೈದಿಗಳ ವಂಶಸ್ಥರು

ತಮಿಳು ಸೀಮೆಯ ಅನ್ನೂರಿನಾಚೆಯ ಕಲ್ಲುಪಾಳೆಯವನ್ನು ಕಟ್ಟಿದ್ದು ಬ್ರಿಟಿಷರ ಕಾಲದ ಕೈದಿಗಳು. ಕಾಲಿನ ಸರಪಳಿ ಎಳೆದುಕೊಂಡೇ ಬಂಡೆ ಒಡೆದರು, ರಸ್ತೆ ಹಾಕಿದರು, ಸಂತೆಪೇಟೆ ಎಬ್ಬಿಸಿದರು. ಸತ್ತವರನ್ನು ಊರಾಚೆಯ ಹೊಲದಲ್ಲಿ ಹೂತರು. ಆಮೇಲೆ ಆಡು ಮೇಯಿಸುವವರು ಬಿಟ್ಟರೆ ಆ ಕಡೆ ಯಾರೂ ತಲೆ ಹಾಕಲಿಲ್ಲ. ಕೈದಿ ಮನೆತನ ಅಂದರೆ ಹೆಣ್ಣು ಕೂಡ ಕೊಡುತ್ತಿರಲಿಲ್ಲ.

ಹೋದ ವರ್ಷ ಆ ಹೊಲದ ಬಳಿ ಸ್ಮಾರಕ ಏಳುತ್ತದೆ, ಕೈದಿಗಳ ವಂಶಸ್ಥರಿಗೆ ವೇದಿಕೆಯಲ್ಲಿ ಸನ್ಮಾನ ಎಂದು ಸುದ್ದಿಯಾಯಿತು. ವಾರದೊಳಗೆ ಊರಿನಲ್ಲಿ ಕೈದಿಯ ರಕ್ತ ಇಲ್ಲದ ಮನೆಯೇ ಇಲ್ಲವಾಯಿತು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು ಆಡುವ ನೂಲು ವ್ಯಾಪಾರಿ ಮುತ್ತುಸಾಮಿ ಸ್ಮಾರಕ ಸಮಿತಿಯ ಅಧ್ಯಕ್ಷನೇ ಆದ. ಅವನ ಸಾಕ್ಷಿ, ಎಂಬತ್ತು ದಾಟಿದ ಸೋದರತ್ತೆ ಕಮಲಾತಾಳ್.

"ಅತ್ತೆ, ನಿಮ್ಮ ತಾತ ಆ ಕೈದಿಗಳ ಕ್ಯಾಂಪಲ್ಲಿ ಇದ್ದದ್ದು ನಿಜ ತಾನೆ?"

"ಇದ್ದ. ಎಷ್ಟೋ ವರ್ಷ ಇದ್ದ."

"ಸಾಕು. ವೇದಿಕೆ ಮೇಲೆ ಬಂದು ಅಷ್ಟು ಹೇಳಿಬಿಡಿ."

ಸಮಾರಂಭದಲ್ಲಿ ಮುತ್ತುಸಾಮಿ ಮುತ್ತಾತನ ಕಾಲಿನ ಸರಪಳಿಯನ್ನು ತಮಿಳಿನಲ್ಲಿ ವರ್ಣಿಸುತ್ತ ಕಣ್ಣೊರೆಸಿಕೊಂಡ. ಹಾರ ಹಾಕಿಸಿಕೊಂಡು ಕೂತಿದ್ದ ಕಮಲಾತಾಳ್‌ಗೆ ಮೈಯೆಲ್ಲ ಉರಿಯಿತು. ಮೈಕ್ ಸಿಕ್ಕಾಗ ಬಾಯಿಂದ ಮನೆಮಾತೇ ಹೊರಟಿತು.

"ನಮ್ಮ ತಾತ ಕೈದಿ ಅಲ್ಲ, ಕಾವಲುಗಾರ. ಕೈದಿಗಳ ಪಾಲಿನ ರಾಗಿ ಮಾರಿ ನಮ್ಮ ತೋಟ ತಗೊಂಡ. ಅವರು ಹಸಿದು ಸತ್ತ ಕತೆನ ಕುಡಿದಾಗ ನಗ್ತಾ ಹೇಳ್ತಿದ್ದ."

ಸಭೆಗೆ ಕನ್ನಡ ತಿಳಿಯದು. ಮುತ್ತುಸಾಮಿ ಮೈಕ್ ಕಸಿದು ತಮಿಳಿಗೆ ತಿರುಗಿಸಿದ. "ನಮ್ಮ ಮುತ್ತಾತ ತನ್ನ ಪಾಲಿನ ರಾಗಿಯನ್ನೂ ಜೊತೆಗಾರರಿಗೆ ಕೊಟ್ಟು ಹಸಿದು ಸತ್ತರು!" ಚಪ್ಪಾಳೆಯೋ ಚಪ್ಪಾಳೆ. ಮುಖ್ಯ ಅತಿಥಿ ಎದ್ದು ಕೈಮುಗಿದರು.

ಆದರೆ ಮುದುಕಿ ಜೀವಮಾನವಿಡೀ ಸಂತೆಯಲ್ಲಿ ಚೌಕಾಸಿ ಮಾಡಿದ್ದೇ ತಮಿಳಿನಲ್ಲಿ. ಮೈಕ್ ವಾಪಸು ಕಿತ್ತುಕೊಂಡು ಅದೇ ಮಾತನ್ನು ಬಿಡಿಸಿ ಬಿಡಿಸಿ ತಮಿಳಿನಲ್ಲಿ ಹೇಳಿದಳು. ವೇದಿಕೆ ಮೇಲಿನ ಉಳಿದ ವಂಶಸ್ಥರು ತಂತಮ್ಮ ಮನೆಯ ಮುದುಕಿಯರು ಎಲ್ಲಿ ಕೂತಿದ್ದಾರೆಂದು ಕಣ್ಣಲ್ಲೇ ಹುಡುಕತೊಡಗಿದರು.

"ಮಾನ ಕಳೆದುಬಿಟ್ರಲ್ಲ ಅತ್ತೆ!" ಮುತ್ತುಸಾಮಿ ಹಲ್ಲು ಕಚ್ಚಿದ.

"ಅದನ್ನ ತಾತ ಆಗಲೇ ಮಾರ್ಕೊಂಡಿದ್ದ. ಬಾ, ಆ ಕೈದಿಗಳ ಮಣ್ಣಿಗೆ ಒಂದು ಕೈ ಮುಗಿ."

ಅವನು ಹೋಗಲಿಲ್ಲ. ಕಮಲಾತಾಳ್ ಒಬ್ಬಳೇ ಮುಳ್ಳುಗಿಡ ಸರಿಸಿಕೊಂಡು ಹೊಲಕ್ಕೆ ಹೋದಳು, ಕತ್ತಿನ ಹಾರ ತೆಗೆದು ನೆಲಕ್ಕಿಟ್ಟಳು, ಕುಕ್ಕರುಗಾಲಲ್ಲಿ ಕೂತು ಅತ್ತಳು.

ಮುತ್ತುಸಾಮಿ ಈಗಲೂ ಅಧ್ಯಕ್ಷ. ಈ ವರ್ಷದ ಸಭೆಯಲ್ಲಿ ಎಪ್ಪತ್ತು ದಾಟಿದವರು ಮಾತನಾಡುವಂತಿಲ್ಲ ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ, ಅವರ ಆರೋಗ್ಯದ ದೃಷ್ಟಿಯಿಂದ.