ಎಣ್ಣೆಬಾವಿಯೂ ಮೈಕಾಸುರನೂ

ಟೈಲರಮ್ಮನಿಗೆ ಆ ಮಧ್ಯಾಹ್ನ ಕೂಗುವುದಕ್ಕೆ ಮೈಯಲ್ಲಿ ತ್ರಾಣವೇ ಇರಲಿಲ್ಲ. ಶಾಲೆ ಶುರುವಾಗುವ ಕಾಲ. ಬೆಳಗಿನಿಂದ ಮಕ್ಕಳ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿದೂ ಹೊಲಿದೂ ಕತ್ತು ಮರದ ಕೊರಡಾಗಿತ್ತು. ಆದರೂ ನಗರಸಭೆಯ ಭವನಕ್ಕೆ ಬಂದಿದ್ದಳು. ಬರದೆ ಇದ್ದರೆ ಆದೀತೇ? ಎಣ್ಣೆ ಕಂಪನಿ ವಿರೋಧಿ ಸಮಿತಿಗೆ ಅವಳ ಗಂಡನೇ ಅಧ್ಯಕ್ಷ. ಗಂಡನ ಭಾಷಣಕ್ಕೆ ಹೆಂಡತಿಯೇ ಇಲ್ಲವೆಂದರೆ ಊರಿಗೆ ಒಂದು ವಾರದ ಮಾತಿಗೆ ದಾರಿಯಾಯಿತು.

ಆ ಊರಿನ ಕಥೆ ಇಷ್ಟೇ. ಹಿಂದೆ ಯಾವಾಗಲೋ ಒಂದು ಕಂಪನಿ ದಡಕ್ಕೆ ಕಾಣುವಷ್ಟು ದೂರದಲ್ಲೇ ಕಡಲ ತಳ ಕೊರೆದು ಎಣ್ಣೆ ಹುಡುಕಿತ್ತು. ಸಿಕ್ಕಿದ್ದು ಸಾಲದೆಂದು ಬಾವಿಯ ಬಾಯಿಗೊಂದು ಮುಚ್ಚಳ ಜಡಿದು, ಹೇಳದೆ ಕೇಳದೆ ಗಂಟುಮೂಟೆ ಕಟ್ಟಿತ್ತು. ಮುಚ್ಚಳ ಅಂದಿನಿಂದಲೂ ಸೋರುತ್ತಲೇ ಇತ್ತು. ಗಾಳಿ ದಡದ ಕಡೆ ತಿರುಗಿದಾಗಲೆಲ್ಲ ಮರಳಿನ ಮೇಲೆ ಕರೀ ಜಿಡ್ಡಿನ ಉಂಡೆಗಳು. ಕಡಲ ಬೀದಿಯ ಪ್ರತಿ ಮನೆಯ ಹೊಸ್ತಿಲ ಪಕ್ಕ ಸೀಮೆಎಣ್ಣೆಯಲ್ಲಿ ಅದ್ದಿದ ಒಂದು ಬಟ್ಟೆ. ಒಳಗೆ ಬರುವವರು ಮೊದಲು ಅಂಗಾಲು ಉಜ್ಜಿಕೊಳ್ಳಬೇಕು. ಟೈಲರಮ್ಮನಿಗಂತೂ ಆ ಜಿಡ್ಡಿನ ಜೊತೆ ಹಾವು ಮುಂಗುಸಿಯ ವೈರ. ಹೊಲಿದಿಟ್ಟ ಬಿಳಿ ಅಂಗಿಗೆ ಒಂದು ಸಲ ತಗುಲಿತೆಂದರೆ ಯಾವ ಸೋಪಿಗೂ ಜಗ್ಗದ ಕಲೆ. ಮೊಮ್ಮಗಳನ್ನು ಕಡಲಿಗೆ ಬಿಡಲು ಭಯ. ತಾನು ಕಣ್ಣು ಮುಚ್ಚುವುದರೊಳಗೆ ಆ ಹಾಳು ಬಾವಿಯ ಬಾಯಿ ಮುಚ್ಚಬೇಕು ಎಂಬುದೊಂದೇ ಅವಳ ಆಸೆ.

ಆ ಬಾವಿಯ ರುಚಿ ಕಂಡ ಊರು ಆಮೇಲೆ ಬಂದ ಕಂಪನಿಗಳಿಗೆಲ್ಲ 'ಬೇಡ' ಎಂದಿತು. ಪ್ರತಿ ಸಲವೂ ಗೆದ್ದಿತು. ಗೆದ್ದು ಸುಧಾರಿಸಿಕೊಳ್ಳುವಷ್ಟರಲ್ಲಿ ಅದೇ ಕಂಪನಿಯೋ ಅದರ ದಾಯಾದಿಯೋ ಹೊಸ ಹೆಸರಿಟ್ಟುಕೊಂಡು ಬರುತ್ತಿತ್ತು. ಹಾಗಾಗಿ ಟೈಲರಮ್ಮ ಬ್ಯಾನರನ್ನು ಒಂದೇ ಸಲ ಹೊಲಿದಿದ್ದಳು. ಹೆಸರಿನ ಜಾಗಕ್ಕೆ ಮಾತ್ರ ಸಲಕ್ಕೊಂದು ತೇಪೆ. ಈ ಸಲ ಯಾವ ಹೆಸರು ಬರೆಯಲಿ ಎಂದು ಕೇಳಿದಾಗ ದೋಣಿ ಎಂಜಿನ್ ರಿಪೇರಿ ಮಾಡುವ ಅವಳ ಮೈದುನ ತಲೆ ಕೆರೆದುಕೊಂಡಿದ್ದ.

"ಹೆಸರೇ ಇರ್ಲಿಲ್ಲ ಅತ್ತಿಗೆ. ಎಣ್ಣೆಬಾವಿ ಬಗ್ಗೆ ಸಾರ್ವಜನಿಕ ವಿಚಾರಣೆ ಅಂತ ದಪ್ಪಕ್ಷರದಲ್ಲಿ ಗೋಡೆಗೆ ಅಂಟ್ಸಿದ್ರು. ಅಷ್ಟು ಸಾಕಲ್ವಾ?"

"ಕೆಳಗೆ ಸಣ್ಣಕ್ಷರದಲ್ಲಿ ಏನಿತ್ತೋ?"

"ಅದನ್ನ ಯಾರು ಓದ್ತಾರೆ? ಸಿನಿಮಾ ಪೋಸ್ಟರಲ್ಲಿ ಹೀರೋ ಯಾರು ಅಂತ ನೋಡ್ತೀವಿ, ಪ್ರೆಸ್ಸಿನ ಹೆಸರು ಓದ್ತೀವಾ?"

ತೇಪೆ ಖಾಲಿಯೇ ಉಳಿಯಿತು. ಅವಳೂ ಮುಂದೆ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಊರಿಗೇ ಸುಸ್ತಾಗಿತ್ತು. ಮೊದಲೆಲ್ಲ ಭವನದ ಮೆಟ್ಟಿಲ ತನಕ ಜನ ನಿಲ್ಲುತ್ತಿದ್ದರು. ಈಗ ಅರ್ಧಕ್ಕರ್ಧ ಕುರ್ಚಿ ಖಾಲಿ. ಬಂದವರೂ ತಿಂಗಳ ಮಾತ್ರೆ ಒಯ್ಯಲು ಆಸ್ಪತ್ರೆಗೆ ಬಂದವರ ಹಾಗೆ ಬಂದು ಕೂತಿದ್ದರು.

ಅವಳ ಗಂಡ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು. ಊರಿನ ಬಾಯಲ್ಲಿ ಮಾತ್ರ ಮೈಕಾಸುರ. ಮೈಕು ಅವನ ಕೈಗೆ ಸಿಕ್ಕರೆ ಒಂದೋ ಕರೆಂಟು ಹೋಗಬೇಕು, ಇಲ್ಲ ಜನ ಎದ್ದು ಹೋಗಬೇಕು. ಇನ್ನು ಕೂಗಾಡಿದರೆ ಗಂಟಲು ನಿಮ್ಮದಲ್ಲ ಎಂದು ಡಾಕ್ಟರು ಬೈದು ಕಳಿಸಿದ್ದರು.

"ಇದೊಂದೇ ಸಲ ಕಣೇ," ಎಂದಿದ್ದ ಮನೆಯಿಂದ ಹೊರಡುವಾಗ.

"ಹೋದ್ಸಲಾನೂ ಇದನ್ನೇ ಅಂದ್ರಿ. ಹಾಡಿದ್ದೇ ಹಾಡೋ ಕಿಸುಬಾಯಿ ದಾಸ."

"ಹೋದ್ಸಲ ಗಂಟಲು ಚೆನ್ನಾಗಿತ್ತು, ಅದಕ್ಕೇ ನಿಲ್ಲಿಸ್ಲಿಲ್ಲ. ಈ ಸಲ ಅದೇ ನಿಲ್ಲಿಸುತ್ತೆ ಬಿಡು."

ವೇದಿಕೆಯ ಮೇಲೆ ವಿಚಾರಣೆ ಸಾಹೇಬರು ಎದ್ದು ನಿಂತರು. ಎಲ್ಲ ಸಲವೂ ಇವರೇ. ಮೊದಲ ಸಲ ಬಂದಾಗ ದಟ್ಟ ಕೂದಲಿತ್ತು, ಈಗ ನೆತ್ತಿಯಲ್ಲಿ ಫ್ಯಾನು ಕಾಣುತ್ತಿತ್ತು. ಅವರು ಉಸಿರೆಳೆದುಕೊಳ್ಳಲು ನಿಂತಲ್ಲೆಲ್ಲ ಮೈದುನ ಕೈಯೆತ್ತುವುದು, ಭವನ 'ಬೇಡ' ಎನ್ನುವುದು, ಇದು ಅಲ್ಲಿ ನಡೆದು ಬಂದ ಪದ್ಧತಿ. ಸಾಹೇಬರ ಎರಡನೆಯ ವಾಕ್ಯವನ್ನು ಆ ಊರಿನಲ್ಲಿ ಕೇಳಿದವರೇ ಇರಲಿಲ್ಲ.

ಟೈಲರಮ್ಮ ಕೂತದ್ದು ಸ್ಪೀಕರ್ ಪೆಟ್ಟಿಗೆಯ ಕಾಲಬುಡದಲ್ಲಿ. ಬಾಯಿ ಸುಮ್ಮನಿದ್ದುದರಿಂದ ಕಿವಿಗೆ ಕೆಲಸ ಸಿಕ್ಕಿತು.

"...ಈಗಿರುವ ಹಳೆಯ ಬಾವಿಯನ್ನು ಸಿಮೆಂಟು ತುಂಬಿ..."

"ಬೇಡ!"

"...ಶಾಶ್ವತವಾಗಿ ಮುಚ್ಚುವುದಕ್ಕೆ..."

"ಬೇಡ!"

ಅವಳು ಪಕ್ಕದಲ್ಲಿದ್ದ ಮೀನಿನ ಅಂಗಡಿಯವಳ ಮೊಣಕೈ ಹಿಡಿದಳು. "ಏನೇ ಅಂದ್ರು ಅವರು? ಮುಚ್ಚೋದಾ?"

"ಬಾಯಿ ಮುಚ್ಚಿ ಅಂದಿರ್ಬೇಕು," ಎಂದ ಮೀನಿನವಳು ಮತ್ತೊಂದು 'ಬೇಡ' ಕೂಗಿ ಆಕಳಿಸಿದಳು.

ಆಮೇಲೆ ಮೈಕು ಗಂಡನ ಕೈಗೆ ಹೋಯಿತು. ಊರಿಗೆ ಬಾಯಿಪಾಠವಾದ ಭಾಷಣ. ಎಲ್ಲಿ ನಗಬೇಕು, ಎಲ್ಲಿ ಚಪ್ಪಾಳೆ ಎಂಬುದೆಲ್ಲ ಜನಕ್ಕೆ ಗೊತ್ತು. ಧ್ವನಿ ನಡುನಡುವೆ ತೂತು ಬಿದ್ದ ಟ್ಯೂಬಿನಂತೆ ಉಸ್ಸೆನ್ನುತ್ತಿತ್ತು. ಮುಗಿದಾಗ ಸಾಹೇಬರು, "ಹಾಗಾದ್ರೆ ಊರಿನದ್ದು ಆಕ್ಷೇಪಣೆ ಅಂತ ಬರ್ಕೊಳ್ಳಲಾ?" ಎಂದು ಕೇಳಿದರು. ಭವನ ಒಕ್ಕೊರಲಿನಿಂದ, "ಬರ್ಕೊಳ್ರೀ!" ಎಂದಿತು. ಸಾಹೇಬರು ಬರೆದುಕೊಂಡು, ಕೈ ಚೆಲ್ಲಿ ಕೂತರು.

ಟೈಲರಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸೆರಗು ಸಿಕ್ಕಿಸಿ ವೇದಿಕೆ ಹತ್ತಿದಳು.

"ಸಾಹೇಬ್ರೇ, ಮುಚ್ಚೋಕೆ ಬಂದಿದೀರೋ ತೋಡೋಕೆ ಬಂದಿದೀರೋ?"

ಅವರು ಅವಳನ್ನು ನೋಡಿದ ರೀತಿ, ಮರಳುಗಾಡಿನಲ್ಲಿ ನೀರು ಕಂಡವರ ಹಾಗಿತ್ತು. "ಮುಚ್ಚೋಕೆ ತಾಯಿ! ಸೋರ್ತಿದೆಯಲ್ಲ, ಆ ಬಾವೀನ. ಆಗಿನಿಂದ ಅದನ್ನೇ ಬಡ್ಕೋತಿದೀನಿ."

"ಈಗ ಬೇಡ ಅಂತ ಬರ್ಕೊಂಡ್ರಲ್ಲ, ಮುಂದೇನು?"

"ಮುಂದೇನಿಲ್ಲ. ಸಿಮೆಂಟು ತುಂಬೋ ಹಡಗು ಬೇರೆ ಕಡಲಿಗೆ ಹೋಗುತ್ತೆ. ಮತ್ತೆ ಇತ್ತ ಬರೋದು ಯಾವಾಗಲೋ, ಅಷ್ಟೊತ್ತಿಗೆ ನಾನಂತೂ ಇರೋದಿಲ್ಲ." ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಾನು ಕುರ್ಚಿಯಿಂದ ಏಳೋವರೆಗೆ ವಿಚಾರಣೆ ಮುಗಿದಿಲ್ಲ. ಆಕ್ಷೇಪಣೆ ವಾಪಸ್ಸು ಅಂತ ನಿಮ್ಮ ಅಧ್ಯಕ್ಷರು ಮೈಕಲ್ಲಿ ಹೇಳಿದ್ರೆ ಬದಲಾಯಿಸ್ತೀನಿ. ಬೇಗ ಹೇಳ್ಸಿ."

ಗಂಡ ಪಕ್ಕದ ಕೋಣೆಯಲ್ಲಿ ಬಿಸಿನೀರು ಗುಟುಕರಿಸುತ್ತ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ ಲೋಟ ಕೆಳಗಿಟ್ಟ.

"ಅದೂ ಒಂದು ಆಟ ಇರುತ್ತೆ. ಮುಚ್ತೀವಿ ಅಂತ ಬಂದು ಪಕ್ಕದಲ್ಲಿ ಇನ್ನೊಂದು ತೋಡಿದ್ರೆ?"

"ತೋಡೋಕೆ ಬಂದಾಗ ಬೇಡ ಅನ್ನೋಣ. ಆ ಮಾತೊಂದು ನಮಗೆ ಮರೆತು ಹೋಗುತ್ತಾ ರೀ?"

ಮೋಸವಿಲ್ಲವೆಂದು ಅವನಿಗೂ ಹೊಳೆದಿತ್ತು, ಹೊಳೆದದ್ದೇ ಕಷ್ಟವಾಗಿತ್ತು. "ಇಷ್ಟು ಜನದ ಎದುರು ಈಗ ತಾನೇ ಒಂದು ಗಂಟೆ ಕೂಗಿದೀನಿ. ಅದೇ ಬಾಯಲ್ಲಿ ಹೋಗಿ, ಆಗಲಿ ಮಾಡಿ ಅನ್ಲಾ? ನನ್ನ ಕೈಲಾಗಲ್ಲ ಕಣೇ. ಬೇಕಾದ್ರೆ ನೀನು ಹೇಳು."

ಮೈಕು ಹಿಡಿದದ್ದು ಟೈಲರಮ್ಮನ ಜನ್ಮದಲ್ಲಿ ಅದೇ ಮೊದಲು. ಎದ್ದು ಹೊರಟಿದ್ದ ಜನ ನಿಂತರು. ಅವಳು ಸುತ್ತು ಬಳಸದೆ ಹೇಳಿದಳು: ಇವರು ಬಂದದ್ದು ಹಳೇ ಬಾವಿ ಮುಚ್ಚುವುದಕ್ಕೆ, ನಾವು ಕೂಗಿದ್ದು ಮುಚ್ಚಬೇಡಿ ಎಂದು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತು ನಮ್ಮ ಕಥೆ."

ಮುಂದಿನ ಸಾಲಿನಲ್ಲಿ ಒಂದಿಬ್ಬರು ನಕ್ಕರು. ಹಿಂದಿನಿಂದ ಬೇಕರಿಯವನ ದನಿ ಬಂತು: "ಏನ್ ಟೈಲರಮ್ಮ, ಕಂಪನಿಯೋರಿಗೆ ಸೂಟು ಹೊಲ್ಕೊಡೋಕೆ ಒಪ್ಕೊಂಡ್ರಾ?"

ಈ ಸಲ ನಗು ಎಲ್ಲ ಕಡೆಯಿಂದಲೂ ಬಂತು. "ಅತ್ತಿಗೆ, ಸಾಕು ಇಳೀರಿ," ಎಂದು ಮೈದುನ ಕೆಳಗಿನಿಂದ ಕೈ ಮುಗಿದ. ಅವನ ಮುಖ ಕೆಂಪಾಗಿತ್ತು; ಸಣ್ಣಕ್ಷರ ಓದದವನು ತಾನೇ ಎಂಬುದು ಅವನಿಗೆ ಅರ್ಥವಾಗಿತ್ತೋ ಏನೋ. ಟೈಲರಮ್ಮ ಮೈಕು ಬಿಡಲಿಲ್ಲ. ಇಳಿಯಲೂ ಇಲ್ಲ.

"ಯಾರಲೇ ಅದು ಸೂಟು ಅಂದಿದ್ದು?"

ಮೈಕಿಲ್ಲದೆಯೇ ಕೊನೆಯ ಸಾಲಿಗೆ ಮುಟ್ಟಿದ ಕೂಗು. ಮೈಕಾಸುರ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ನೀವೆಲ್ಲ ಹಿಡ್ಕೊಂಡು ಮೆರೆದ ಬ್ಯಾನರು ಅವಳು ಹೊಲಿದಿದ್ದು. ಅವಳಿಗೇ ಈ ಮಾತು ಅಂತೀರಾ? ಅವಳೊಬ್ಬಳೇ ಇವತ್ತು ಕಿವಿ ತೆರ್ಕೊಂಡು ಕೂತಿದ್ದು. ನಾನು ಅಧ್ಯಕ್ಷ, ನಾನೇ ಕೇಳಿಸ್ಕೊಳ್ಳಲಿಲ್ಲ."

ಬಂದು ಅವಳ ಕೈಯಿಂದ ಮೈಕು ತೆಗೆದುಕೊಂಡ. "ಸಾಹೇಬ್ರೇ," ಎಂದ. ಅಭ್ಯಾಸಬಲ, ತುಟಿ ತಾನಾಗಿ 'ಬೇ' ಎನ್ನಲು ಕೂಡಿಕೊಂಡಿತು. ಅದನ್ನು ನುಂಗಿ, ಕೆಮ್ಮಿ, ಸಣ್ಣ ದನಿಯಲ್ಲಿ ಹೇಳಿದ: "ಆಕ್ಷೇಪಣೆ ವಾಪಸ್ಸು. ಆ ಬಾವಿ ಮುಚ್ಚಿಬಿಡಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಂಥ ಮಾತಿಗೆ ಏನು ಮಾಡಬೇಕೆಂದು ಆ ಭವನಕ್ಕೆ ಅಭ್ಯಾಸವಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಂದ ಛತ್ರಿ, ಚೀಲ ಹುಡುಕಿಕೊಂಡು ಬಾಗಿಲ ಕಡೆ ನಡೆದರು. ಸಾಹೇಬರು ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದು, ಗಂಡನ ಸಹಿ ಹಾಕಿಸಿಕೊಂಡು, ಪ್ರತಿ ಸಲ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದವರು ಈ ಸಲ ಮುಂಬಾಗಿಲಿನಿಂದಲೇ ಹೊರಗೆ ಹೋದರು.

ಮೆಟ್ಟಿಲ ಬಳಿ ಮೀನಿನವಳು ಕಾಯುತ್ತಿದ್ದಳು. "ಅಲ್ಲ ಕಣೇ, ಈಗ ನಾವು ಗೆದ್ವಾ, ಸೋತ್ವಾ? ಮನೇಲಿ ಕೇಳ್ತಾರೆ."

"ಬಾವಿ ಮುಚ್ತಾರೆ ಅಂತ ಹೇಳು."

"ಅಷ್ಟೇನಾ?" ಎಂದ ಮೀನಿನವಳು ಚೀಲ ಹೆಗಲಿಗೇರಿಸಿ, "ಸರಿ ಬಿಡು, ಕಾಲು ಉಜ್ಜೋದೊಂದು ತಪ್ಪುತ್ತೆ," ಎಂದು ಹೊರಟಳು.

ಗಂಡ ಕಂಬಿ ಹಿಡಿದು ಎರಡು ಮೆಟ್ಟಿಲಿಳಿದು ನಿಂತ. ಗಂಟಲು ಪೂರ್ತಿ ಕೂತುಹೋಗಿತ್ತು. ಅವಳು ಕಿವಿಯನ್ನು ಅವನ ಬಾಯಿಯ ಹತ್ತಿರ ತರಬೇಕಾಯಿತು.

"ಒಬ್ಬರಾದ್ರೂ ಚಪ್ಪಾಳೆ ಹೊಡೀಲಿಲ್ವಲ್ಲೇ."

"ಸುಸ್ತಾಗಿದಾರೆ ರೀ."

"ನಂಗೂ," ಎಂದ. "ಮನೆ ತನಕ ನಡೆಯೋಕಾಗಲ್ಲ. ಸ್ವಲ್ಪ ಕೂರೋಣ."

ಅವಳು ಸೆರಗಿನಿಂದ ಮೆಟ್ಟಿಲಿನ ಧೂಳು ಒರೆಸಿದಳು. ಇಬ್ಬರೂ ಕೂತರು. ಒಳಗೆ ಮೈದುನ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುವ ಸದ್ದು ಕೇಳುತ್ತಿತ್ತು. ಹೋಗಿ ಕೈಜೋಡಿಸಬೇಕು ಎಂದುಕೊಂಡಳು ಟೈಲರಮ್ಮ. ಏಳಲಿಲ್ಲ.