ಯಜಮಾನರ ಹೆಸರು

ನನ್ನ ಗಂಡನ ಹೆಸರು ಚಿಕ್ಕಬೈರಪ್ಪ. ಬಾಯಿಬಿಟ್ಟು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಬರೆದರೆ ಏನಾಗುತ್ತದೆ ಅಂತ ಹೇಳಿರಲಿಲ್ಲ, ಪಾಪ, ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ನಾವಿದ್ದದ್ದು ಬೈರಸಂದ್ರದಲ್ಲಿ. ಊರಿನ ಹೆಸರಿನಲ್ಲೂ ಅವರ ಹೆಸರು ಸೇರಿಕೊಂಡಿದ್ದರಿಂದ ಯಾರಾದರೂ ‘ಯಾವೂರಮ್ಮ’ ಎಂದರೆ ‘ಜಯನಗರದ ಪಕ್ಕ’ ಎನ್ನುತ್ತಿದ್ದೆ. ಜಯನಗರವೇ ನಮ್ಮ ರಾಗಿ ಹೊಲಗಳ ಮೇಲೆ ಬಂದು ಕೂತದ್ದು, ಆದರೂ ಪಕ್ಕದವರು ನಾವೇ ಆಗಿದ್ದೆವು.

ಹೊಲ ಹೋದ ಮೇಲೆ ನಮ್ಮ ಯಜಮಾನರು ಬಟ್ಟೆ ಮಿಲ್ಲಿಗೆ ಸೇರಿದರು. ಗೋಡೆಯಾಚೆ ಮನೆಯ ಬೋರಣ್ಣ ಜಯನಗರದ ಹೊಸ ಮನೆಗಳಿಗೆ ಗಾರೆ ಕೆಲಸಕ್ಕೆ ಹೋದ. ಒಟ್ಟಿಗೆ ಉತ್ತು ಬೆಳೆದವರು, ಬೇರೆ ಬೇರೆ ದಾರಿ ಹಿಡಿದರು, ಅಷ್ಟೆ. ಆಮೇಲೆ ಮಿಲ್ಲಿನವರಿಗೆ ಸರ್ಕಾರದ ವಿಮೆ ಬಂತು. ಸಂಬಳದಲ್ಲಿ ಒಂದಿಷ್ಟು ಹಿಡಿದುಕೊಂಡು ಒಂದು ಕಾರ್ಡು ಕೊಟ್ಟರು. ಅದಿದ್ದರೆ ಕೆಲಸಗಾರನಿಗೂ ಅವನ ಹೆಂಡತಿ ಮಕ್ಕಳಿಗೂ ಔಷಧಿ ಪುಕ್ಕಟೆ. ಗಾರೆಯವರಿಗೆ ಅದಿಲ್ಲ. ಸಂಜೆಯಾದರೆ ಜಗಲಿಯ ಮೇಲೆ ಇಬ್ಬರಿಗೂ ಇದೇ ವಾದ.

“ನಮ್ ಸಂಬಳದಾಗೆ ಹಿಡೀತಾರೆ ಕಣ್ಲಾ. ಕೊಟ್ಟೋರಿಗೆ ಔಷಧಿ. ಅದ್ರಲ್ಲಿ ತಪ್ಪೇನೈತೆ?” ಎನ್ನುತ್ತಿದ್ದರು ಇವರು.

“ನಾನೇನು ಕೊಡಾಕಿಲ್ವಾ? ಬೀಡಿಯಿಂದ ಬೆಂಕಿಪೊಟ್ಟಣದವರ್ಗೂ ಎಲ್ಲದ್ರಾಗೂ ಸರ್ಕಾರ ಕಿತ್ಕೊಳ್ತೈತೆ. ಜ್ವರ ಬಂದಾಗ ಮಾತ್ರ ನಾನು ಯಾರೋ,” ಎನ್ನುತ್ತಿದ್ದ ಬೋರಣ್ಣ.

“ಎಲ್ರಿಗೂ ಪುಕ್ಕಟೆ ಕೊಟ್ರೆ ಸರ್ಕಾರ ದಿವಾಳಿ ಎದ್ದೋಯ್ತದೆ.”

“ಗಾರೆಯೋರೆಲ್ಲ ಮಲಗಿಬಿಟ್ರೆ ಜಯನಗರ ಯಾರು ಕಟ್ತಾರೆ?”

ಮಾತಿನಲ್ಲಿ ಗೆಲ್ಲುತ್ತಿದ್ದವನು ಬೋರಣ್ಣನೇ. ಕಾರ್ಡು ಮಾತ್ರ ನಮ್ಮ ಮನೆಯ ದೇವರ ಗೂಡಿನಲ್ಲಿತ್ತು.

ಅರವತ್ತೊಂದನೇ ಇಸವಿಯ ಶ್ರಾವಣದಲ್ಲಿ ಬೋರಣ್ಣನ ಹೆಂಡತಿ ಮುನಿಲಕ್ಷ್ಮಮ್ಮನಿಗೆ ಜ್ವರ ಹಿಡಿಯಿತು. ಕಷಾಯಕ್ಕೂ ಇಳಿಯಲಿಲ್ಲ, ತಾಯತಕ್ಕೂ ಇಳಿಯಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರೆ ಮಂಚಗಳ ನಡುವೆ ನೆಲದ ಮೇಲೂ ರೋಗಿಗಳು. ಡಾಕ್ಟರು ಒಳ್ಳೆಯವರೇ, ನೋಡಿದರು, ಟೈಫಾಯಿಡ್ ಎಂದರು, ಹೊಸದಾಗಿ ಬಂದಿರುವ ಒಂದು ಮಾತ್ರೆ ಬರೆದುಕೊಟ್ಟು “ಇದು ನಮ್ಮಲ್ಲಿ ಮುಗಿದಿದೆ, ಹೊರಗಡೆ ತಗೊಳ್ಳಿ, ತಡ ಮಾಡಬೇಡಿ” ಎಂದರು. ಬೋರಣ್ಣ ಔಷಧಿ ಅಂಗಡಿಗೆ ಹೋಗಿ ಬೆಲೆ ಕೇಳಿ ಬರಿಗೈಯಲ್ಲಿ ಬಂದ. ಅವತ್ತಿನಿಂದ ಜಗಲಿಯ ಮೇಲೆ ವಾದವೂ ನಿಂತಿತು. ಗೋಡೆಯಾಚೆಯಿಂದ ಅವಳ ಕನವರಿಕೆ ಕೇಳಿಸುತ್ತಿತ್ತು. ಸತ್ತುಹೋದ ತನ್ನ ತಾಯಿಯನ್ನು ಕರೆಯುತ್ತಿದ್ದಳು. ನನಗೆ ಭಯವಾಯಿತು.

ಅದೇ ಮಾತ್ರೆ ನಮ್ಮ ವಿಮೆಯ ಡಿಸ್ಪೆನ್ಸರಿಯಲ್ಲಿ ಕೊಡುತ್ತಾರೆ ಎಂದು ಗೊತ್ತಿತ್ತು. ಕಾರ್ಡಿನಲ್ಲಿ ಹೆಂಡತಿ ಲಕ್ಷ್ಮಿದೇವಮ್ಮ ಎಂದು ನನ್ನ ಹೆಸರಿತ್ತು, ಫೋಟೋ ಇರಲಿಲ್ಲ. ನಾನು ಅಲ್ಲಿಗೆ ಒಮ್ಮೆಯೂ ಹೋದವಳಲ್ಲ. ಅವಳನ್ನೇ ನಾನು ಅಂತ ಕರೆದುಕೊಂಡು ಹೋದರೆ? ರಾತ್ರಿ ಇವರನ್ನು ಕೇಳಿದೆ.

“ಸಿಕ್ಕಿಬಿದ್ರೆ ಕೆಲ್ಸ ಹೋಯ್ತದೆ. ಕೇಸು ಹಾಕ್ತಾರೆ. ನಂಗೂ ಕರುಳಿಲ್ವಾ? ಆದ್ರೆ ಆಗಾಕಿಲ್ಲ,” ಎಂದರು ಇವರು. ಮುಖ ನೋಡಿ ಹೇಳಲಿಲ್ಲ. ಬೆಳಗ್ಗೆ ಅವರು ಮಿಲ್ಲಿಗೆ ಹೋದ ಮೇಲೆ ನಾನು ದೇವರ ಗೂಡಿಗೆ ಕೈಹಾಕಿದೆ. ದೇವರಿಗೂ ಒಂದು ಮಾತು ಹೇಳಿದೆ, ಅವನು ಬೇಡ ಅನ್ನಲಿಲ್ಲ.

ಬೋರಣ್ಣ ಅವಳನ್ನು ಎತ್ತಿ ಜಟಕಾದಲ್ಲಿ ಕೂರಿಸಿದ. ತಾನೂ ಬರುತ್ತೇನೆಂದ. “ನೀನು ಬಂದ್ರೆ ನೀನ್ಯಾರು ಅಂತಾರೆ. ಇಲ್ಲೇ ಇರು,” ಎಂದೆ. ದಾರಿಯುದ್ದಕ್ಕೂ ಅವಳಿಗೆ ಪಾಠ ಮಾಡಿದೆ.

“ನಿನ್ ಹೆಸರೇನು?”

“ಲಕ್ಷ್ಮಿದೇವಮ್ಮ.”

“ಯಜಮಾನರ ಹೆಸ್ರು?”

“ಚಿಕ್ಕಬೈರಪ್ಪ.”

“ನಾನ್ಯಾರು?”

“ನಮ್ ನಾದಿನಿ ಕಣಕ್ಕ.”

ಜ್ವರದಲ್ಲೂ ಒಂದು ಅಕ್ಷರ ತಪ್ಪಲಿಲ್ಲ. ಅಂಗಡಿಯಲ್ಲಿ ಬೆಲ್ಲ ಕೇಳುವ ಹಾಗೆ ನನ್ನ ಗಂಡನ ಹೆಸರು ಹೇಳುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷ ನಾನು ಒಮ್ಮೆಯೂ ಹೇಳದ ಹೆಸರು. ಕೇಳಿ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ. ಆದರೆ ಪಾಠ ಒಪ್ಪಿಸಿದಳಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಡಿಸ್ಪೆನ್ಸರಿ ಇದ್ದದ್ದು ವಿಲ್ಸನ್ ಗಾರ್ಡನ್ನಿನ ಒಂದು ಬಾಡಿಗೆ ಮನೆಯಲ್ಲಿ. ಗೋಡೆಯ ಮೇಲೆ ಬೋರ್ಡು: ಸುಳ್ಳು ಹೇಳಿ ಔಷಧಿ ಪಡೆದರೆ ಶಿಕ್ಷೆ. ಓದು ಬರದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆವತ್ತು ಮೊದಲ ಸಲ ಅನ್ನಿಸಿತು. ಕಿಟಕಿಯ ಹಿಂದೆ ಚಕ್ರಪಾಣಿ ಎಂಬ ವಯಸ್ಸಾದ ಗುಮಾಸ್ತರು, ಹಣೆಯಲ್ಲಿ ನಾಮ. ಕಾರ್ಡು ತೆಗೆದುಕೊಂಡು ಒಬ್ಬೊಬ್ಬರನ್ನೇ ಕೇಳಿ ಒಳಗೆ ಬಿಡುತ್ತಿದ್ದರು. ನಮ್ಮ ಮುಂದೆ ಒಬ್ಬ ಹೆಂಗಸು ಇದ್ದಳು.

“ಯಜಮಾನರ ಹೆಸರೇನಮ್ಮ?”

ಆಕೆ ಸೆರಗು ಬಾಯಿಗಿಟ್ಟುಕೊಂಡಳು. “ಅದೇ, ರಾಮದೇವ್ರ ಜೊತೆ ಕಾಡಿಗೋದ್ರಲ್ಲ, ತಮ್ಮ.”

“ಲಕ್ಷ್ಮಣನಾ?”

“ಹೂಂ ಸ್ವಾಮಿ.”

ಗುಮಾಸ್ತರು ನಗಲೂ ಇಲ್ಲ, ಗುರುತು ಹಾಕಿ ಬಿಟ್ಟರು. ಆಗ ಹೊಳೆಯಿತು. ಗಂಡನ ಹೆಸರು ಪಟ್ಟನೆ ಹೇಳುವ ಹೆಂಡತಿ ಈ ಸೀಮೆಯಲ್ಲಿ ಎಲ್ಲಿದ್ದಾಳೆ? ನಾಚಿಕೊಳ್ಳುವುದನ್ನೇ ನಾನು ಅವಳಿಗೆ ಕಲಿಸಿರಲಿಲ್ಲ. ಕಿವಿಯಲ್ಲಿ ಹೇಳೋಣವೆಂದರೆ ಅಷ್ಟರಲ್ಲಿ ನಮ್ಮ ಸರದಿ ಬಂದೇಬಿಟ್ಟಿತು.

“ಯಜಮಾನರ ಹೆಸರು?”

“ಚಿಕ್ಕಬೈರಪ್ಪ,” ಎಂದಳು ಮುನಿಲಕ್ಷ್ಮಮ್ಮ, ಪಾಠದ ಹುಡುಗಿಯಂತೆ.

ಪೆನ್ನು ನಿಂತಿತು. ಗುಮಾಸ್ತರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀವು ಯಾರು?”

“ನಾದಿನಿ ಸ್ವಾಮಿ. ಅವಳ ಯಜಮಾನರ ತಂಗಿ.”

“ಹಾಗಾದ್ರೆ ನೀವು ಹೇಳಿ. ನಿಮ್ಮಣ್ಣನ ಹೆಸರೇನು?”

“ಅವಳು ಹೇಳಿದ್ಲಲ್ಲ ಸ್ವಾಮಿ.”

“ಅವರು ಹೇಳಿದ್ದು ಕೇಳಿಸ್ತು. ಅಣ್ಣನ ಹೆಸರು ಹೇಳಕ್ಕೆ ತಂಗಿಗೇನು ಕಷ್ಟ?”

ಮಿಲ್ಲಿನ ಯಂತ್ರಗಳು ಕಣ್ಣ ಮುಂದೆ ಬಂದವು, ಆ ಬೆಲ್ಟುಗಳು, ಅವುಗಳ ನಡುವೆ ಓಡಾಡುವ ಅವರು. ನಮ್ಮತ್ತೆಯ ಮಾತು ಕಿವಿಯಲ್ಲೇ ಕೇಳಿಸಿತು. ಹಿಂದಿನವರು ಗೊಣಗತೊಡಗಿದರು. ಮುನಿಲಕ್ಷ್ಮಮ್ಮ ನಿಲ್ಲಲಾರದೆ ನನ್ನ ಹೆಗಲಿಗೆ ಒರಗಿದಳು. ಸೀರೆಯ ಮೇಲಿಂದಲೂ ಅವಳ ಕೆನ್ನೆ ಸುಡುತ್ತಿತ್ತು. ನನ್ನ ಗಂಡನ ಆಯಸ್ಸು ಎಷ್ಟಿದೆಯೋ ನನಗೆ ಗೊತ್ತಿರಲಿಲ್ಲ. ಅವಳದು ಎಷ್ಟಿದೆ ಎಂದು ಮಾತ್ರ ಗೊತ್ತಾಗುತ್ತಿತ್ತು.

“ಚಿಕ್ಕಬೈರಪ್ಪ,” ಎಂದೆ. “ನಮ್ಮಣ್ಣ.”

ಕೈ ತಾನಾಗಿ ಕತ್ತಿನ ತಾಳಿಗೆ ಹೋಯಿತು. ಕಣ್ಣಿಗೊತ್ತಿಕೊಂಡೆ. ಒತ್ತಿಕೊಂಡ ಮೇಲೆ ತಿಳಿಯಿತು, ಗುಮಾಸ್ತರು ನೋಡುತ್ತಿದ್ದಾರೆಂದು. ಮುಗಿಯಿತು ಎಂದುಕೊಂಡೆ. ಅವರು ಬೋರ್ಡಿನ ಕಡೆ ಒಮ್ಮೆ ನೋಡಿದರು. ಕೊನೆಗೆ ತಲೆ ತಗ್ಗಿಸಿ ಗುರುತು ಹಾಕಿದರು.

“ಡಾಕ್ಟರ ಹತ್ರ ಕರ್ಕೊಂಡು ಹೋಗಿ.”

ಚೀಟಿ ತೋರಿಸದಿದ್ದರೂ ಡಾಕ್ಟರು ಸರ್ಕಾರಿ ಆಸ್ಪತ್ರೆಯವರು ಬರೆದಿದ್ದ ಮಾತ್ರೆಯನ್ನೇ ಬರೆದರು. ಕಾಂಪೌಂಡರು ಪೊಟ್ಟಣ ಕಟ್ಟಿಕೊಟ್ಟ. ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿದೆ. ಕಾರ್ಡು ವಾಪಸು ತೆಗೆದುಕೊಳ್ಳಲು ಹೋದಾಗ ಚಕ್ರಪಾಣಿಗಳು ಅದನ್ನು ಬಿಡದೆ ಹಿಡಿದುಕೊಂಡೇ ಮಾತಾಡಿದರು, ದನಿ ಇಳಿಸಿ.

“ಲಕ್ಷ್ಮಿದೇವಮ್ಮನವರು ವಾರ ವಾರ ಬರಬೇಕಾಗ್ತದೆ. ಬರಲಿ. ಅವರ ಮುಖ ಇಲ್ಲಿ ಎಲ್ಲರಿಗೂ ಗುರುತಾಗ್ತದೆ. ಆದ್ರೆ ತಾಯಿ, ತಂಗಿಗೆ ಈ ಕಾರ್ಡಲ್ಲಿ ಜಾಗ ಇಲ್ಲ. ನಾಳೆ ನಿಮಗೆ ಏನಾದ್ರೂ ಆದ್ರೆ ಇಲ್ಲಿಗೆ ಬಂದು ನಾನೇ ಹೆಂಡ್ತಿ ಅನ್ನೋ ಹಾಗಿಲ್ಲ. ಹುಷಾರಾಗಿರಿ.”

ಅವರು ಬೆದರಿಸಿದ್ದಲ್ಲ, ಅದು ಗೊತ್ತಾಯಿತು. ಆದರೆ ಬೋರ್ಡು ಓದಿದಾಗಲೂ ಅಷ್ಟು ಹೆದರಿರಲಿಲ್ಲ ನಾನು.

ಸಂಜೆ ಮಿಲ್ಲು ಬಿಟ್ಟ ಹೊತ್ತಿಗೆ ಯಜಮಾನರು ಬರಲಿಲ್ಲ. ಬೀದಿಯ ಕೊನೆಯವರೆಗೂ ಹೋಗಿ ನಿಂತೆ. ಬಾಯಿಂದ ಬಿದ್ದ ಹೆಸರನ್ನು ಮತ್ತೆ ನುಂಗಲು ಆಗುತ್ತಿದ್ದರೆ ನುಂಗಿಬಿಡುತ್ತಿದ್ದೆ. ಕಡೆಗೆ ಬಂದರು, ಸೈಕಲ್ಲು ತಳ್ಳಿಕೊಂಡು. ಚಕ್ರ ಪಂಕ್ಚರ್ ಆಗಿತ್ತಂತೆ. ಅಲ್ಲೇ ಬೀದಿಯಲ್ಲೇ ಎಲ್ಲ ಹೇಳಿಬಿಟ್ಟೆ.

ಮೊದಲು ಬೈದರು. ಕೆಲಸ, ಕೇಸು, ಮಾನ, ಒಂದನ್ನೂ ಬಿಡಲಿಲ್ಲ. ಬೋರಣ್ಣನ ಮನೆ ಹತ್ತಿರವಾದಾಗ ದನಿ ತಾನಾಗಿ ಇಳಿಯಿತು. ಅಲ್ಲಿ ಕನವರಿಕೆ ಇರಲಿಲ್ಲ, ಅವಳು ನಿದ್ದೆ ಹೋಗಿದ್ದಳು. ಬೋರಣ್ಣ ಬಾಗಿಲಲ್ಲಿ ಎದ್ದು ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಯಾರೂ ವಾದಕ್ಕೆ ಕೂರಲಿಲ್ಲ.

ಮನೆಯೊಳಗೆ ಬಂದು ಕಾರ್ಡನ್ನು ದೇವರ ಗೂಡಿಗೆ ಇಡಲು ಹೋದೆ.

“ಅಲ್ಲಿಗ್ಯಾಕೆ? ಅವಳ ಹತ್ರಾನೇ ಇರ್ಲಿ, ಮುಂದಿನ ವಾರ ಬೇಕಲ್ಲ,” ಎಂದರು ಇವರು. ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾ ಕೇಳಿದರು: “ನಿಂಗೇನಾರ ಆದ್ರೆ?”

“ನಂಗೇನಾಯ್ತದೆ, ಸುಮ್ನಿರಿ,” ಎಂದೆ.

ಅವರು ಹತ್ತಿರ ಬಂದು, ಹಿಂಗೈಯಿಂದ ನನ್ನ ಹಣೆ ಮುಟ್ಟಿ ನೋಡಿದರು. ನನಗೆ ಜ್ವರವೇನೂ ಇರಲಿಲ್ಲ. ಆದರೂ ಬಹಳ ಹೊತ್ತು ಕೈ ತೆಗೆಯಲಿಲ್ಲ.